ಕೊನೆಯ ಕಂತಿನಲ್ಲಿ ಎಷ್ಟು ತಡೆಹಿಡಿಯಬೇಕು?

ರಾಯಚೂರಿನಲ್ಲಿ ನಾವು ಮನೆ ಕಟ್ಟಿಸಿದಾಗ ಕಾಂಟ್ರಾಕ್ಟರ್‌ಗೆ ಕೊನೆಯ ಕಂತು ಎರಡೂವರೆ ಲಕ್ಷ ಕೊಡುವುದು ಬಾಕಿ ಇತ್ತು. ಅಷ್ಟರಲ್ಲಿ ಮೊದಲ ಮಳೆಗೇ ಹಿಂದಿನ ಕೋಣೆಯ ಚಾವಣಿ ಒಸರತೊಡಗಿತು. ಪಡಸಾಲೆಯ ಗೋಡೆಗೆ ನಾಣ್ಯದಿಂದ ತಟ್ಟಿದರೆ ಗಿಲಾವು (ಪ್ಲಾಸ್ಟರ್) ಅಲ್ಲಲ್ಲಿ ಟೊಳ್ಳು. ಸ್ಲ್ಯಾಬ್ ಹಾಕಿದ್ದು ಏಪ್ರಿಲ್ ಬಿಸಿಲಲ್ಲಿ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಪ್ರಕಾರ ಇಂಥ ಒಣ ಬಿಸಿಲಿಗೆ ಕನಿಷ್ಠ 10 ದಿನ, ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ) ಸಿಮೆಂಟಾದರೆ 14 ದಿನ ನೀರುಣಿಸಬೇಕು. ಕಾಂಟ್ರಾಕ್ಟರ್ ವಾರಕ್ಕೇ ನಿಲ್ಲಿಸಿದ್ದರು.

"ಹೊಸ ಮನಿ ಒಂದು ಮಳಿಗಾಲ ಹಿಂಗ ಇರ್ತದ್ರೀ ಸರ, ಮುಂದ ತಾನ ನಿಲ್ತದ. ಮೊದ್ಲ ರೊಕ್ಕ ಕೊಡ್ರಿ" ಅಂತ ಕಾಂಟ್ರಾಕ್ಟರ್ ಅಂದರು.

ಒಂದು ಪೈಸೆಯೂ ಕೊಡಬೇಡ ಅಂತ ಬಂಧುಗಳೆಲ್ಲ ಹೇಳಿದರು. ನನಗದು ಒಪ್ಪಿಗೆಯಾಗಲಿಲ್ಲ. ಟೈಲ್ಸ್, ಬಣ್ಣದ ಕೆಲಸ ಚೆನ್ನಾಗಿತ್ತು, ಗೌಂಡಿಗಳ ಕೂಲಿಯೂ ಆ ಹಣದಲ್ಲೇ ಸೇರಿತ್ತು. ಪೂರ್ತಿ ಹಿಡಿದುಕೊಂಡರೆ ಸೋರಿಕೆಯ ಮಾತು ಬಿಟ್ಟುಹೋಗಿ ಬರೀ ರೊಕ್ಕದ ಜಗಳವಾಗುತ್ತದೆ.

ಇಬ್ಬರಿಗೂ ಪರಿಚಯವಿಲ್ಲದ ಸಿವಿಲ್ ಎಂಜಿನಿಯರ್ ಒಬ್ಬರನ್ನು ಕರೆಸಿದೆ, ಫೀ ನಾನೇ ಕೊಟ್ಟೆ. ಕಾಂಟ್ರಾಕ್ಟರ್ ಕೂಡ ಎದುರಿಗಿರಬೇಕು ಅಂತ ಪಟ್ಟು ಹಿಡಿದೆ. ಮಾಳಿಗೆ ಮೇಲೆ ಸುತ್ತ ಗಾರೆಯ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿದೆವು. ಮರುದಿನ ಬೆಳಿಗ್ಗೆ ಕೆಳಗೆ ಏಣಿ ಹಾಕಿ ಒದ್ದೆಯಾದ ಕಡೆಯೆಲ್ಲ ಸೀಮೆಸುಣ್ಣದಿಂದ ಸುತ್ತು ಹಾಕಿದಾಗ ಫ್ಯಾನ್ ಕೊಂಡಿಯ ಬಳಿಯಿಂದ ಗೋಡೆಯ ಮೂಲೆವರೆಗೂ ಒಂದೇ ಗೆರೆ ಕಾಣಿಸಿತು. ಅದನ್ನು ನೋಡಿದ ಮೇಲೆ ಸೋರುತ್ತದೋ ಇಲ್ಲವೋ ಅನ್ನುವ ಚರ್ಚೆ ಮತ್ತೆ ಬರಲಿಲ್ಲ. ಟೊಳ್ಳು ಗಿಲಾವನ್ನೂ ಗುರುತು ಹಾಕಿ ಅಳೆದರು. ದುರಸ್ತಿಗೆ ಎಪ್ಪತ್ತು ಸಾವಿರ ಅಂತ ಬಾಬುವಾರು ಅಂದಾಜು ಬರೆದುಕೊಟ್ಟರು.

ನಾನು ಅಂದೇ 1,80,000 ರೂಪಾಯಿ ಕಾಂಟ್ರಾಕ್ಟರ್ ಬ್ಯಾಂಕ್ ಖಾತೆಗೆ ಹಾಕಿದೆ. ಉಳಿದ 70,000 ಯಾವ ದೋಷಕ್ಕಾಗಿ, ಯಾವ ತಾರೀಖಿನೊಳಗೆ ಸರಿಪಡಿಸಿದರೆ ಕೊಡುತ್ತೇನೆ ಅಂತ ಬರೆದು, ಫೋಟೊ ಮತ್ತು ಅಂದಾಜಿನ ಪ್ರತಿ ಸೇರಿಸಿ ಸ್ವೀಕೃತಿ ಸಹಿತ ಅಂಚೆಯಲ್ಲಿ ಕಳಿಸಿದೆ. ಒಪ್ಪದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದಾಗಿಯೂ ಬರೆದಿದ್ದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ನಿರ್ಮಾಣವೂ ಸೇವೆಯೇ. ಸೇವೆಗೆ ಕೊಟ್ಟ ಹಣ 50 ಲಕ್ಷದವರೆಗಿದ್ದರೆ ದೂರು ಜಿಲ್ಲಾ ಆಯೋಗಕ್ಕೇ ಬರುತ್ತದೆ, ಎರಡು ವರ್ಷದೊಳಗೆ ದೂರು ಕೊಡಬೇಕು. (ಬಿಲ್ಡರ್‌ಗಳ ಮೇಲಿನ ದೂರು ಕೇಳುವ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ ರೇರಾಕ್ಕೆ ಹೋಗು ಅಂದವರೂ ಇದ್ದರು. ಸ್ವಂತ ಸೈಟಿನಲ್ಲಿ ಗುತ್ತಿಗೆ ಕೊಟ್ಟು ಕಟ್ಟಿಸಿದ ಮನೆ ಅದರಡಿ ಬರುವುದಿಲ್ಲ.)

ಆಯೋಗದವರೆಗೆ ಹೋಗಬೇಕಾಗಲಿಲ್ಲ. ಕೂಲಿ ತೀರಿದ್ದರಿಂದ ಕಾಂಟ್ರಾಕ್ಟರ್ ಬಿಗುವೂ ಸಡಿಲಾಗಿತ್ತು. ಅದೇ ಗೌಂಡಿಗಳನ್ನು ಕರೆತಂದು ಸಡಿಲ ಭಾಗ ಕೆತ್ತಿಸಿ, ವಾಟರ್‌ಪ್ರೂಫಿಂಗ್ ಮಾಡಿಸಿ, ಗಿಲಾವು ಹೊಸದಾಗಿ ಹಾಕಿಸಿದರು. ಮತ್ತೆ ನೀರು ನಿಲ್ಲಿಸಿ ನೋಡಿ ಐವತ್ತು ಸಾವಿರ ಕೊಟ್ಟೆ. ಉಳಿದ ಇಪ್ಪತ್ತು ಸಾವಿರವನ್ನು ಮುಂದಿನ ಮಳೆಗಾಲ ಕಳೆದ ಮೇಲೆ ಕೊಡುವುದೆಂದು ಇಬ್ಬರೂ ಸಹಿ ಹಾಕಿದೆವು.