ನಾಯಿಯೊಂದಿಗೆ ಕುದ್ರುವಿನಿಂದ ಕಡಲಿಗೆ: ಒಂದು ದಿನದ ಪ್ರವಾಸ ಹೀಗಿರಲಿ

ಉಡುಪಿಯ ಉತ್ತರಕ್ಕೆ ಸ್ವರ್ಣಾ ನದಿಯು ಕಡಲನ್ನು ಸೇರುವ ಮುನ್ನ ಕವಲೊಡೆದು ಹರಡಿಕೊಳ್ಳುತ್ತದೆ. ಆ ಕವಲುಗಳ ನಡುವೆ ಉಳಿದ, ತೆಂಗಿನ ಮರಗಳು ತುಂಬಿದ ನೆಲವನ್ನು ಕರಾವಳಿಯವರು ಕುದ್ರು ಎನ್ನುತ್ತಾರೆ. ಕೆಮ್ಮಣ್ಣಿನ ತೂಗುಸೇತುವೆಯನ್ನು ದಾಟಿ ತಿಮ್ಮಣ್ಣ ಕುದ್ರುವಿನಲ್ಲಿ ಬೆಳಗನ್ನು ಕಳೆದು, ಸಂಜೆ ಹೂಡೆ ಅಥವಾ ಕೋಡಿ ಬೆಂಗ್ರೆಯ ಮರಳಿಗೆ ಇಳಿಯುವುದು ನಾಯಿಯೊಂದಿಗೆ ಮಾಡಬಹುದಾದ ನೆಮ್ಮದಿಯ ಪ್ರವಾಸ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪ ಇದಕ್ಕಿಂತ ಪ್ರಸಿದ್ಧವಾದರೂ ಜನ ತುಂಬಿದ ದೋಣಿ, ಎಂಜಿನ್ನಿನ ಸದ್ದು ಮತ್ತು ಬಿಸಿಲಿಗೆ ಕಾಯುವ ಬಂಡೆಗಳು ನಾಯಿಗೆ ಹಿತವಲ್ಲ ಎಂಬುದು ನನ್ನ ಅಭಿಪ್ರಾಯ.

ದಿನವನ್ನು ಆರಿಸುವುದು

ನವೆಂಬರ್‌ನಿಂದ ಫೆಬ್ರುವರಿವರೆಗಿನ ತಿಂಗಳುಗಳು ಸೂಕ್ತ. ಮಳೆಗಾಲದಲ್ಲಿ ಕಡಲೂ ಹೊಳೆಯೂ ನಂಬಿಕೆಗೆ ಅರ್ಹವಲ್ಲ. ವಾರದ ನಡುವಿನ ದಿನವಾದರೆ ಜನಸಂದಣಿ ಕಡಿಮೆ. ಸಂಜೆಯ ಹೊತ್ತಿಗೆ ಇಳಿತವಿರುವ ದಿನವನ್ನು ಉಬ್ಬರವಿಳಿತದ ವೇಳಾಪಟ್ಟಿ ನೋಡಿ ಆರಿಸಿಕೊಂಡರೆ ನಡೆಯಲು ಅಗಲವಾದ, ಗಟ್ಟಿಯಾದ ಒದ್ದೆ ಮರಳು ಸಿಗುತ್ತದೆ. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ ಕಳೆದ ವಾರದ ಲೆಕ್ಕ ಈ ವಾರಕ್ಕೆ ಹೊಂದುವುದಿಲ್ಲ. ರೇಬೀಸ್ ಸೇರಿದಂತೆ ಎಲ್ಲ ಲಸಿಕೆಗಳೂ ಪೂರ್ಣಗೊಂಡಿರದ ಮರಿಯನ್ನು ಕರೆದೊಯ್ಯಬಾರದು. ಕಡಲತೀರದಲ್ಲಿ ಬೀದಿನಾಯಿಗಳು ಎದುರಾಗುವುದು ಸಾಮಾನ್ಯ.

ಚೀಲ ಮತ್ತು ಪ್ರಯಾಣ

ನಾಯಿಯ ದೇಹತೂಕದ ಪ್ರತಿ ಕಿಲೋಗೆ ದಿನವೊಂದಕ್ಕೆ 50ರಿಂದ 60 ಮಿಲಿಲೀಟರ್ ನೀರು ಬೇಕೆಂಬುದು ಸಾಮಾನ್ಯ ಲೆಕ್ಕ. ಬಿಸಿಲು ಮತ್ತು ಓಡಾಟದ ದಿನ ಅದರ ಎರಡರಷ್ಟನ್ನು ಒಯ್ಯುವುದು ಕ್ಷೇಮ. ಮೈ ತೊಳೆಯುವ ನೀರು ಬೇರೆಯೇ ಇರಲಿ. ಬಟ್ಟಲು, ಎದೆಪಟ್ಟಿ, ಗಟ್ಟಿ ಹಗ್ಗ, ಹಳೆಯ ಟವೆಲ್ ಹಾಗೂ ಮಲ ಎತ್ತಲು ಚೀಲಗಳು ಬೇಕು. ಹೊರಡುವ ಮೂರು ಗಂಟೆ ಮೊದಲೇ ಲಘುವಾಗಿ ತಿನ್ನಿಸಿದರೆ ದಾರಿಯಲ್ಲಿ ವಾಂತಿಯಾಗುವ ಸಾಧ್ಯತೆ ಕಡಿಮೆ. ಸಂತೆಕಟ್ಟೆಯ ಬಳಿ ಹೆದ್ದಾರಿಯನ್ನು ಬಿಟ್ಟು ಪಶ್ಚಿಮಕ್ಕೆ ತಿರುಗಿ ಬೆಳಿಗ್ಗೆ ಏಳರೊಳಗೆ ಕೆಮ್ಮಣ್ಣನ್ನು ತಲುಪುವಂತೆ ಹೊರಡಿ.

ತೂಗುಸೇತುವೆಯನ್ನು ದಾಟಿಸುವುದು

ಈ ದಿನದ ಅತ್ಯಂತ ಸೂಕ್ಷ್ಮ ಘಟ್ಟ ಇದೇ. ಕಾಲಡಿಯ ನೆಲ ಅಲುಗುವುದು ನಾಯಿಗೆ ಹೊಸ ಅನುಭವ. ಹಲಗೆಗಳ ಸಂದಿಯಲ್ಲಿ ಕೆಳಗೆ ನೀರು ಕಂಡಾಗ ಅದು ನಿಂತುಬಿಡಬಹುದು, ಹೊಟ್ಟೆಯನ್ನು ನೆಲಕ್ಕೊತ್ತಿ ಮಲಗಿಬಿಡಬಹುದು. ನಮ್ಮ ಮನೆಯ ನಾಡತಳಿಯ ನಾಯಿ ಕೆಂಪಿ ಮೊದಲ ಸಲ ಮೂರೇ ಹೆಜ್ಜೆ ಇಟ್ಟು ಹಿಂದಿರುಗಿದ್ದಳು. ಅಂಥ ಹೊತ್ತಿನಲ್ಲಿ ಹಗ್ಗವನ್ನು ಹಿಡಿದೆಳೆಯಬಾರದು. ಎಳೆದಷ್ಟೂ ಅದರ ಭಯ ಗಟ್ಟಿಯಾಗುತ್ತದೆ. ಸೇತುವೆಯ ಬುಡದಲ್ಲೇ ಹತ್ತು ನಿಮಿಷ ಕುಳಿತು, ಅದು ಮೂಸಿ ನೋಡಿ ತಾನಾಗಿ ಹೆಜ್ಜೆಯಿಡುವವರೆಗೆ ಕಾಯಬೇಕು. ಹಗ್ಗವನ್ನು ಕುತ್ತಿಗೆಯ ಪಟ್ಟಿಗಲ್ಲದೆ ಎದೆಪಟ್ಟಿಗೆ ಕಟ್ಟಿ ಗಿಡ್ಡವಾಗಿ ಹಿಡಿದುಕೊಂಡು, ಒಬ್ಬರು ಮುಂದೆ ಮತ್ತೊಬ್ಬರು ಹಿಂದೆ ನಿಧಾನವಾಗಿ ನಡೆಯಬೇಕು. ಸಣ್ಣ ನಾಯಿಯನ್ನು ಎತ್ತಿಕೊಳ್ಳುವುದೇ ಲೇಸು. ಇದು ಕುದ್ರುವಿನವರ ನಿತ್ಯದ ದಾರಿಯಾದ್ದರಿಂದ ಎದುರಿನಿಂದ ಬರುವವರು ದಾಟಿ ಮುಗಿಸುವವರೆಗೆ ನಿಲ್ಲುವುದು ನಮ್ಮ ಕರ್ತವ್ಯ.

ಕುದ್ರುವಿನಲ್ಲಿ ತೋಟಗಳು ಖಾಸಗಿ, ಮನೆಗಳಲ್ಲಿ ಕೋಳಿ, ದನ, ಕಾವಲಿನ ನಾಯಿಗಳಿರುತ್ತವೆ. ಆದ್ದರಿಂದ ಹಗ್ಗವನ್ನು ಬಿಚ್ಚದೆ ದಾರಿಯ ಮೇಲೆಯೇ ನಡೆಯಿರಿ. ಹೊಳೆಯ ಅಂಚಿನ ಕೆಸರಿನಲ್ಲಿ ಮರುವಾಯಿ ಎಂಬ ಚಿಪ್ಪುಜೀವಿಯ ಒಡೆದ ಚಿಪ್ಪುಗಳಿರುತ್ತವೆ. ಅವು ಪಾದವನ್ನು ಕತ್ತರಿಸಬಲ್ಲವು.

ಮಧ್ಯಾಹ್ನ

ಹತ್ತೂವರೆಯಿಂದ ನಾಲ್ಕರವರೆಗೆ ನೆರಳು, ನೀರು, ನಿದ್ದೆ. ಉಪ್ಪು ಹಾಕದ ಮೊಸರನ್ನ ಸ್ವಲ್ಪ ಸಾಕು. ನಿಲ್ಲಿಸಿದ ಕಾರಿನೊಳಗೆ ನಾಯಿಯನ್ನು ಐದು ನಿಮಿಷವೂ ಬಿಡಬಾರದು.

ಮರಳಿನ ಮೇಲೆ

ಸಂಜೆ ಹೂಡೆಯ ಕಡೆಯಿಂದ ಕೋಡಿ ಬೆಂಗ್ರೆಗೆ ಸಾಗುವ ರಸ್ತೆಯ ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಕಡಲು. ಗಾಡಿಯಿಂದ ಇಳಿದ ಕೂಡಲೇ ಅಂಗೈಯ ಹಿಂಭಾಗವನ್ನು ಒಣ ಮರಳಿಗೆ ಒತ್ತಿ ಏಳು ಸೆಕೆಂಡು ಎಣಿಸಿ. ನಿಮಗೆ ತಾಳಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸುಡುತ್ತದೆ. ಇನ್ನೂ ಅರ್ಧ ಗಂಟೆ ಕಾಯಿರಿ.

ಮೊದಲು ಹೊಟ್ಟೆ ತುಂಬ ಸಿಹಿನೀರು ಕುಡಿಸಿ, ಆಮೇಲೆ ಅಲೆಯ ಬಳಿಗೆ ಬಿಡಿ. ಬಾಯಾರಿದ ನಾಯಿ ಉಪ್ಪುನೀರನ್ನೇ ನೆಕ್ಕುತ್ತದೆ, ಅದರಿಂದ ವಾಂತಿ, ಭೇದಿ, ಹೆಚ್ಚಾದರೆ ನಡುಕವೂ ಬರಬಹುದು. ಈ ಕ್ರಮವನ್ನು ಒಮ್ಮೆ ಮರೆತುದರ ಫಲವಾಗಿ ಕೆಂಪಿ ರಾತ್ರಿಯಿಡೀ ಭೇದಿಯಿಂದ ಬಳಲಿದಳು. ಆ ರಾತ್ರಿಯನ್ನು ನಾನು ಮರೆತಿಲ್ಲ. ಮೊಣಕಾಲಿನಷ್ಟು ನೀರನ್ನು ದಾಟಿ ಹೋಗಲು ಬಿಡಬೇಡಿ. ನದಿ ಕಡಲಿಗೆ ಸೇರುವ ಅಳಿವೆಯ ಬಾಯಲ್ಲಂತೂ ಸೆಳೆತ ಬಲವಾಗಿರುವುದರಿಂದ, ಈಜು ಬಲ್ಲ ನಾಯಿಯನ್ನೂ ಅಲ್ಲಿ ನೀರಿಗಿಳಿಸಬಾರದು.

ದಡದಲ್ಲಿ ಬಿದ್ದ ಮೀನಿನ ಮೇಲೆ ಕಣ್ಣಿಡಿ. ಬಲೆಯಿಂದ ಆರಿಸಿ ಎಸೆದ, ಚೆಂಡಿನಂತೆ ಉಬ್ಬುವ ಜಾತಿಯ ಮೀನುಗಳಲ್ಲಿ ಪ್ರಾಣಾಂತಿಕ ವಿಷವಿರುತ್ತದೆ. ಕೊಳೆತ ಮೀನಿನೊಳಗೆ ಗಾಳದ ಕೊಂಡಿಯೂ ಉಳಿದಿರಬಹುದು. ಒಣಹಾಕಿದ ಮೀನು ಮತ್ತು ಹರಡಿದ ಬಲೆಗಳಿಂದ ನಾಯಿಯನ್ನು ದೂರವಿಡುವುದು ಇನ್ನೂ ಮುಖ್ಯ, ಏಕೆಂದರೆ ಅದು ಕಾಲೆತ್ತಿದರೆ ಒಂದು ಮನೆಯ ದುಡಿಮೆ ಹಾಳಾಗುತ್ತದೆ. ಚಳಿಗಾಲದಲ್ಲಿ ಈ ಕರಾವಳಿಯ ಮರಳಿನಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡುವುದುಂಟು. ನಾಯಿ ಮರಳನ್ನು ಕೆದಕಲು ತೊಡಗಿದರೆ ತಡೆಯಬೇಕು.

ನಾಯಿಯು ಮುಖ್ಯವಾಗಿ ಏದುಸಿರಿನ ಮೂಲಕವೇ ಮೈಯನ್ನು ತಂಪಾಗಿಸಿಕೊಳ್ಳುತ್ತದೆ. ಉಸಿರು ವಿಪರೀತವಾಗಿ, ಒಸಡು ಕಡುಗೆಂಪಾಗಿ, ಜೊಲ್ಲು ದಪ್ಪವಾಗಿ, ಹೆಜ್ಜೆ ತಪ್ಪತೊಡಗಿದರೆ ಅದು ಬಿಸಿಲಿನ ಆಘಾತ. ನೆರಳಿಗೆ ಒಯ್ದು ಮೈಮೇಲೆಲ್ಲ ತಣ್ಣೀರು ಸುರಿಯುತ್ತ, ಗಾಳಿ ಬೀಸುತ್ತ ತಡಮಾಡದೆ ಪಶುವೈದ್ಯರ ಬಳಿಗೆ ಹೊರಡಬೇಕು. ಪಗ್‌ನಂತಹ ಚಪ್ಪಟೆ ಮೂತಿಯ ತಳಿಗಳಿಗೆ ಈ ಅಪಾಯ ಹೆಚ್ಚು.

ಹೊರಡುವ ಮುನ್ನ

ಸೂರ್ಯ ಮುಳುಗಿದ ಮೇಲೆ ಗಾಡಿಯ ಬಳಿಯೇ ಸಿಹಿನೀರಿನಿಂದ ಉಪ್ಪನ್ನೂ ಮರಳನ್ನೂ ತೊಳೆದು, ಬೆರಳುಗಳ ಸಂದಿ ಮತ್ತು ಕಿವಿಯ ಒಳಮಡಿಕೆಯನ್ನು ಒರೆಸಿ ಒಣಗಿಸಿ. ಕಿವಿಯಲ್ಲಿ ತೇವ ಉಳಿದರೆ ಸೋಂಕಾಗುತ್ತದೆ. ಮನೆಗೆ ಬಂದ ಮೇಲೆ ಕುತ್ತಿಗೆ, ಕಂಕುಳು ಮತ್ತು ಬಾಲದ ಬುಡದಲ್ಲಿ ರಕ್ತ ಹೀರುವ ಉಣ್ಣಿಗಳಿವೆಯೇ ಎಂದು ಬೆರಳಾಡಿಸಿ ನೋಡಿ, ಮರುದಿನ ಅದು ಎಷ್ಟು ಹೊತ್ತು ಮಲಗಿದರೂ ಎಬ್ಬಿಸಬೇಡಿ.