ಆರ್ಕಿಡ್ ಮನೆಗೆ ಬಂದಿದೆಯೇ? ಮೊದಲು ಬೇರು ನೋಡಿ

ಮನೆಯೊಳಗೆ ಸಾಯುವ ಆರ್ಕಿಡ್‌ಗಳಲ್ಲಿ ಬಾಯಾರಿ ಸತ್ತವು ಕಡಿಮೆ. ಅಕ್ಕರೆಯಿಂದ ದಿನವೂ ಎರೆದ ನೀರಿಗೆ ಬೇರು ಕೊಳೆತು ಸತ್ತವೇ ಹೆಚ್ಚು. ಉಳಿದ ಕುಂಡಗಳಿಗೆ ಒಂದು ಚೊಂಬು, ಇದಕ್ಕೂ ಒಂದು ಚೊಂಬು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಾವು ಕುಂಡದಲ್ಲಿ ಸಾಕುವ ಆರ್ಕಿಡ್‌ಗಳಲ್ಲಿ ಬಹುಪಾಲು ಮೂಲತಃ ಮಣ್ಣಿನ ಗಿಡಗಳೇ ಅಲ್ಲ. ಕಾಡಿನಲ್ಲಿ ಮರದ ಕೊಂಬೆಯನ್ನು ಅಪ್ಪಿಕೊಂಡು ಬದುಕುವಂಥವು. ಹಾಗೆಂದು ಬದನಿಕೆಯಂತೆ ಆಸರೆ ಕೊಟ್ಟ ಮರದ ರಸ ಹೀರುವುದಿಲ್ಲ. ಮಳೆಗೆ ತೊಯ್ದು, ಗಾಳಿಗೆ ಒಣಗಿ, ಮತ್ತೆ ತೊಯ್ಯುವುದು ಅವುಗಳ ಬೇರಿಗೆ ರೂಢಿ. ಈ ಒಂದು ಸಂಗತಿ ತಲೆಯಲ್ಲಿದ್ದರೆ ಮುಂದಿನ ಹಂತಗಳನ್ನು ಬಾಯಿಪಾಠ ಮಾಡಬೇಕಿಲ್ಲ.

ಹಂತ 1: ಗಿಡದ ಆಯ್ಕೆ

ಮೊದಲ ಬಾರಿ ಸಾಕುವವರು ಫೆಲನಾಪ್ಸಿಸ್ ಆರಿಸಿಕೊಳ್ಳುವುದು ಜಾಣತನ. ಅಗಲವಾದ ದಪ್ಪ ಎಲೆ, ಬಾಗಿದ ದಂಡಿನ ಮೇಲೆ ಸಾಲಾಗಿ ಕುಳಿತ ಚಿಟ್ಟೆಯಾಕಾರದ ಹೂಗಳು ಇದರ ಗುರುತು. ಕಡಿಮೆ ಬೆಳಕಿಗೂ ಹೊಂದಿಕೊಳ್ಳುತ್ತದೆ, ಹೂಗಳು ಎರಡು ಮೂರು ತಿಂಗಳು ಬಾಡದೆ ನಿಲ್ಲುತ್ತವೆ. ಕ್ಯಾಟ್ಲಿಯಾ, ಡೆಂಡ್ರೋಬಿಯಂಗಳಿಗೆ ಇನ್ನಷ್ಟು ಬೆಳಕು ಬೇಕು. ಬೇರುಗಳನ್ನು ಗಾಳಿಯಲ್ಲಿ ಇಳಿಬಿಟ್ಟುಕೊಂಡು ತೂಗುವ ವಾಂಡಾಕ್ಕೆ ಬಹುತೇಕ ದಿನವೂ ನೀರು ಬೇಕು. ಅದು ಸದ್ಯಕ್ಕೆ ಬೇಡ.

ಕೊಳ್ಳುವಾಗ ಹೂವಿಗೆ ಮರುಳಾಗದೆ ಬುಡ ನೋಡಿ. ಗಿಡ ಕುಂಡದಲ್ಲಿ ಅಲುಗಾಡಬಾರದು, ಬೇರು ಗಟ್ಟಿಯಾಗಿರಬೇಕು. ಅರ್ಧ ಅರಳಿ ಅರ್ಧ ಮೊಗ್ಗಿರುವ ಗಿಡವಾದರೆ ಹೂವಿನ ಸುಖ ಹೆಚ್ಚು ದಿನ ಸಿಗುತ್ತದೆ. ಕಣ್ಣು ಕುಕ್ಕುವ ಕಡುನೀಲಿಯ ಫೆಲನಾಪ್ಸಿಸ್ ಕಂಡರೆ ಅದು ಬಣ್ಣ ಉಣಿಸಿದ ಬಿಳಿ ಹೂವೆಂದು ತಿಳಿಯಿರಿ. ಮುಂದಿನ ಬಾರಿ ಅದೇ ಗಿಡ ಬಿಳಿಯಾಗಿಯೇ ಅರಳುತ್ತದೆ.

ಹಂತ 2: ಜಾಗ

ಪೂರ್ವದ ಕಿಟಕಿ ಉತ್ತಮ. ಬೆಳಗಿನ ಎಳೆಬಿಸಿಲು ಬಿದ್ದರೆ ಅಡ್ಡಿಯಿಲ್ಲ. ನಡುಹಗಲ ಬಿಸಿಲು ಎಲೆಯನ್ನು ಸುಡುತ್ತದೆ. ಬೇರೆ ದಿಕ್ಕಿನ ಕಿಟಕಿಯಲ್ಲಿ ಬಿಸಿಲು ಜೋರಾಗಿದ್ದರೆ ತೆಳು ಪರದೆ ಹಾಕಿ. ಎಲೆ ತಿಳಿಹಸಿರಾಗಿದ್ದರೆ ಬೆಳಕು ಸರಿಯಾಗಿದೆ. ಕಡುಹಸಿರಾಗಿ ಜೋತುಬಿದ್ದರೆ ಸಾಲುತ್ತಿಲ್ಲ, ಹಳದಿಗೆ ತಿರುಗಿದರೆ ಅಥವಾ ಅಂಚು ಕೆಂಪಾದರೆ ಅತಿಯಾಗಿದೆ.

ಹಂತ 3: ನೀರು

ಎಲ್ಲಕ್ಕಿಂತ ಮೊದಲು ಅಲಂಕಾರದ ಹೊರಕುಂಡವನ್ನೂ ಹೊಳೆಯುವ ಕಾಗದವನ್ನೂ ತೆಗೆಯಿರಿ. ನೀರು ನಿಂತು ಬೇರು ಕೊಳೆಯಲು ಶುರುವಾಗುವುದು ಅಲ್ಲೇ. ತೂತುಗಳಿರುವ ಪಾರದರ್ಶಕ ಪ್ಲಾಸ್ಟಿಕ್ ಕುಂಡ ನೋಡಲು ಅಷ್ಟೇನೂ ಚೆಂದವಲ್ಲ, ಆದರೆ ಬೇರನ್ನು ಕಣ್ಣಿಗೆ ಕಾಣಿಸುವ ಅದರಷ್ಟು ಉಪಕಾರಿ ಬೇರೊಂದಿಲ್ಲ.

ಆರ್ಕಿಡ್ ಬೇರಿನ ಸುತ್ತ ವೆಲಮೆನ್ ಎಂಬ ಪದರವಿದೆ. ಸ್ಪಂಜಿನಂತೆ ನೀರು ಹೀರಿ ಇಟ್ಟುಕೊಳ್ಳುವುದು ಅದರ ಕೆಲಸ. ಒಣಗಿದಾಗ ಪದರದ ತುಂಬ ಗಾಳಿ ತುಂಬಿ ಬೇರು ಬೆಳ್ಳಿಬೂದು ಬಣ್ಣಕ್ಕೆ ತಿರುಗುತ್ತದೆ. ನೆನೆದಾಗ ಒಳಗಿನ ಹಸಿರು ಹೊರಗೆ ಕಾಣುತ್ತದೆ. ಆದ್ದರಿಂದ ನಿಯಮ ಸರಳ: ಕುಂಡದೊಳಗಿನ ಬೇರು ಹಸಿರಾಗಿರುವಷ್ಟು ದಿನ ನೀರು ಮುಟ್ಟಬೇಡಿ, ಬೂದಾದ ಮೇಲೆ ಎರೆಯಿರಿ. ಕೋಣೆಯ ಸೆಕೆ, ಗಾಳಿ, ಕುಂಡದ ಗಾತ್ರ ನೋಡಿಕೊಂಡು ಇದು ಐದು ದಿನಕ್ಕೊಮ್ಮೆ ಆಗಬಹುದು, ಹತ್ತು ದಿನಕ್ಕೊಮ್ಮೆಯೂ ಆಗಬಹುದು. ವಾರದ ಇಂಥದ್ದೇ ದಿನವೆಂದು ಗೊತ್ತುಮಾಡಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಗಿಡಕ್ಕೆ ವಾರ ಗೊತ್ತಿಲ್ಲ.

ಎರೆಯುವಾಗ ಮಾತ್ರ ಜಿಪುಣತನ ಬೇಡ. ಬೆಳಗಿನ ಹೊತ್ತು ಕುಂಡವನ್ನು ನಲ್ಲಿಯ ಕೆಳಗಿಟ್ಟು ತೂತುಗಳಿಂದ ಧಾರಾಳವಾಗಿ ಹರಿದುಹೋಗುವಷ್ಟು ನೀರು ಬಿಡಿ, ಇಲ್ಲವೇ ಹತ್ತು ನಿಮಿಷ ಬಕೆಟ್ಟಿನಲ್ಲಿ ಅದ್ದಿಡಿ. ಪೂರ್ತಿ ಬಸಿದ ಮೇಲೆಯೇ ಜಾಗಕ್ಕೆ ಮರಳಲಿ. ಎಲೆಗಳು ಕೂಡುವ ನಡುಸುಳಿಯಲ್ಲಿ ನೀರು ನಿಂತರೆ ಬಟ್ಟೆಯ ತುದಿಯಿಂದ ಒರೆಸಿಬಿಡಿ. ಫೆಲನಾಪ್ಸಿಸ್ ಬೆಳೆಯುವುದು ಆ ಒಂದೇ ಸುಳಿಯಿಂದ. ಅದು ಕೊಳೆತರೆ ಗಿಡವನ್ನು ಉಳಿಸಿಕೊಳ್ಳುವುದು ಕಷ್ಟ.

ಎಲೆ ಸುಕ್ಕುಗಟ್ಟಿದಾಗ ಎಲ್ಲರೂ ಎಡವುತ್ತಾರೆ. ನೀರು ಸಾಲದು ಎಂದುಕೊಂಡು ಮತ್ತಷ್ಟು ಎರೆಯುತ್ತಾರೆ. ಬೇರು ಕೊಳೆತ ಗಿಡಕ್ಕೆ ನೀರು ಹೀರಲು ಆಗುವುದಿಲ್ಲವಾದ್ದರಿಂದ ಅದರ ಎಲೆಯೂ ಹೀಗೆಯೇ ಸುಕ್ಕಾಗುತ್ತದೆ. ಅನುಮಾನ ಬಂದರೆ ಬೇರನ್ನು ಮೆಲ್ಲಗೆ ಒತ್ತಿ ನೋಡಿ. ಗಟ್ಟಿಯಿದ್ದರೆ ಜೀವವಿದೆ. ಮೆತ್ತಗಾಗಿ, ಸಿಪ್ಪೆ ಜಾರಿ, ಒಳಗಿನ ನಾರಿನ ಎಳೆ ಮಾತ್ರ ಕೈಗೆ ಬಂದರೆ ಆ ಬೇರು ಸತ್ತಿದೆ.

ಕೋಣೆಯ ಗಾಳಿ ತೀರಾ ಒಣಗಿದ್ದರೆ ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ, ನೀರು ಹಾಕಿ, ಕುಂಡವನ್ನು ನೀರಿಗೆ ತಾಗದಂತೆ ಕಲ್ಲಿನ ಮೇಲಿಡಿ. ಎಲೆಗೆ ನೀರು ಚಿಮುಕಿಸುವುದರಿಂದ ಚಿಮುಕಿಸುವವರಿಗೆ ಸಮಾಧಾನ ಸಿಗುತ್ತದೆ, ಗಿಡಕ್ಕೆ ಹೆಚ್ಚೇನೂ ಸಿಗುವುದಿಲ್ಲ.

ಹಂತ 4: ಕುಂಡ ಬದಲಿಸುವುದು

ಮಣ್ಣು ಖಂಡಿತ ಬೇಡ. ತೊಗಟೆಯ ಚೂರು, ಇದ್ದಿಲು, ತೆಂಗಿನ ಸಿಪ್ಪೆಯ ತುಂಡು ಇವುಗಳಲ್ಲಿ ಸಿಕ್ಕಿದ್ದನ್ನು ಬೆರೆಸಬಹುದು. ನಡುವೆ ಗಾಳಿ ಆಡಬೇಕು, ಅಷ್ಟೆ. ತೆಂಗಿನ ಸಿಪ್ಪೆಯಲ್ಲಿ ಉಪ್ಪಿನಂಶ ಇರುವುದುಂಟು, ನೀರು ಬದಲಿಸುತ್ತಾ ಒಂದೆರಡು ದಿನ ನೆನೆಸಿ ತೊಳೆಯಿರಿ. ವರ್ಷ, ಎರಡು ವರ್ಷದಲ್ಲಿ ಈ ಚೂರುಗಳು ಕೊಳೆತು ಪುಡಿಯಾಗಿ ನೀರನ್ನು ಹಿಡಿದಿಡತೊಡಗುತ್ತವೆ. ಹೂವು ಮುಗಿದು ಹೊಸ ಬೇರಿನ ತುದಿ ಕಾಣಿಸಿಕೊಂಡಾಗ ಬದಲಿಸಿ.

ಗಿಡವನ್ನು ಹೊರತೆಗೆದು ಹಳೆಯ ಚೂರುಗಳನ್ನು ಬಿಡಿಸಿ. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಂಡು ಸತ್ತ ಬೇರುಗಳನ್ನು ಕತ್ತರಿಸಿ. ಹೊಸ ಕುಂಡ ಉಳಿದ ಬೇರು ಹಿಡಿಯುವಷ್ಟಿದ್ದರೆ ಸಾಕು. ದೊಡ್ಡ ಕುಂಡದಲ್ಲಿ ನಡುಭಾಗ ಒಣಗುವುದೇ ಇಲ್ಲ. ಎಲೆಯ ಬುಡ ಹೂತುಹೋಗದಂತೆ ಕೂರಿಸಿ, ಸುತ್ತ ಚೂರು ತುಂಬಿ. ಹೊರಗೆ ಚಾಚಿಕೊಂಡ ಗಾಳಿಬೇರುಗಳನ್ನು ಅಂದಕ್ಕಾಗಿ ಕತ್ತರಿಸುವುದೂ ಬೇಡ, ಬಲವಂತದಿಂದ ಒಳಗೆ ತುರುಕುವುದೂ ಬೇಡ. ಬೇರು ಕತ್ತರಿಸಿದ್ದರೆ ಗಾಯ ಒಣಗಲು ಕೆಲವು ದಿನ ಬಿಟ್ಟು ನೀರು ಕೊಡಿ.

ಹಂತ 5: ಗೊಬ್ಬರ, ಕೀಟ

20-20-20 ರ, ಅಂದರೆ ಸಾರಜನಕ, ರಂಜಕ, ಪೊಟ್ಯಾಶ್ ಸಮಪಾಲಿನಲ್ಲಿರುವ, ನೀರಿನಲ್ಲಿ ಕರಗುವ ಗೊಬ್ಬರವನ್ನು ಪೊಟ್ಟಣದ ಮೇಲೆ ಬರೆದ ಪ್ರಮಾಣದ ಕಾಲುಭಾಗದಷ್ಟು, ಹದಿನೈದು ದಿನಕ್ಕೊಮ್ಮೆ, ಬೇರು ನೆನೆದ ಮೇಲೆ ಕೊಡಿ. ತಿಂಗಳಿಗೊಮ್ಮೆ ಬರೀ ನೀರಿನಿಂದ ಚೆನ್ನಾಗಿ ತೊಳೆದರೆ ಉಳಿದ ಲವಣ ಹೋಗುತ್ತದೆ. ಎಲೆಯ ಸಂದಿಯಲ್ಲಿ ಬಿಳಿ ಹತ್ತಿಯಂಥ ಹಿಟ್ಟು ತಿಗಣೆ ಕಂಡರೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ವಾರ ಬಿಟ್ಟು ಮತ್ತೆ ನೋಡಿ.

ಹಂತ 6: ಮತ್ತೆ ಹೂವು

ಹೂಗಳು ಉದುರಿದ ಮೇಲೆ ದಂಡು ಹಸಿರಾಗಿದ್ದರೆ ಬುಡದಿಂದ ಎರಡನೆಯ ಅಥವಾ ಮೂರನೆಯ ಗೆಣ್ಣಿನ ತುಸು ಮೇಲೆ ಕತ್ತರಿಸಿ. ಅಲ್ಲಿಂದ ಕವಲು ಒಡೆದು ಮತ್ತೆ ಮೊಗ್ಗು ಬರಬಹುದು. ಗಿಡ ಸೊರಗಿದ್ದರೆ ಆ ಆಸೆ ಬಿಟ್ಟು ಬುಡಕ್ಕೇ ಕತ್ತರಿಸಿ, ಎಲೆ ಬೇರು ಬೆಳೆಸಿಕೊಳ್ಳಲಿ. ಒಣಗಿ ಕಂದಾದ ದಂಡನ್ನೂ ಬುಡಕ್ಕೇ ತೆಗೆಯಬೇಕು.

ಎಲೆ ಸೊಂಪಾಗಿದ್ದೂ ಹೂ ಬಿಡದ ಗಿಡಕ್ಕೆ ಸಾಮಾನ್ಯವಾಗಿ ಬೆಳಕು ಸಾಲದಿರುತ್ತದೆ, ಇಲ್ಲವೇ ತಂಪು. ಫೆಲನಾಪ್ಸಿಸ್ ಹೂದಂಡು ಹೊರಡಿಸಲು ಕೆಲವು ವಾರ ರಾತ್ರಿಗಳು 16ರಿಂದ 18 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿದರೆ ಒಳ್ಳೆಯದು. ಹಗಲಿರುಳೂ 28 ಡಿಗ್ರಿ ದಾಟಿರುವ ಕೋಣೆಯಲ್ಲಿ ಅದು ಎಲೆ ಬೆಳೆಸಿಕೊಂಡು ಸುಮ್ಮನಿರುತ್ತದೆ. ಹವೆ ತಂಪಾಗುವ ತಿಂಗಳುಗಳಲ್ಲಿ ಕಿಟಕಿಯ ಹತ್ತಿರ ಸರಿಸಿಡಿ.

ಎಲೆಯ ಸಂದಿಯಿಂದ ಹೊರಟ ಮೊಳಕೆಯ ತುದಿ ನುಣುಪಾಗಿ ದುಂಡಗಿದ್ದರೆ ಅದು ಬೇರು, ಚಪ್ಪಟೆಯಾಗಿ ಚೂಪಾಗಿ ಮೇಲಕ್ಕೆ ಏರುತ್ತಿದ್ದರೆ ಹೂದಂಡು. ಅದು ಅರಳಲು ಇನ್ನೂ ಮೂರು ನಾಲ್ಕು ತಿಂಗಳು ಬೇಕು. ಅಷ್ಟು ದಿನ ಕುಂಡವನ್ನು ಅತ್ತಿತ್ತ ತಿರುಗಿಸಬೇಡಿ, ದಂಡು ಬೆಳಕಿನತ್ತ ಹೊರಳುತ್ತಾ ಸೊಟ್ಟಗಾಗುತ್ತದೆ. ಮೊಗ್ಗು ಮೂಡಿದ ಮೇಲೆ ಮಾಗುತ್ತಿರುವ ಹಣ್ಣಿನ ಬುಟ್ಟಿಯನ್ನು ಹತ್ತಿರ ಇಡಬೇಡಿ; ಹಣ್ಣು ಹೊರಬಿಡುವ ಎಥಿಲೀನ್ ಅನಿಲಕ್ಕೆ ಮೊಗ್ಗುಗಳು ಹಳದಿಯಾಗಿ ಅರಳುವ ಮುಂಚೆಯೇ ಉದುರುತ್ತವೆ.