ದವಡೆ ಗಂಟಿಗೆ ಚಾಕು ಹಾಕುವ ಮುಂಚೆ

ಜೋಳದ ಸೀಮೆಯ ಪಶುವೈದ್ಯ ನಾನು. ದವಡೆ ಊದಿದ ಮಣಕ, ಹೋರಿಗರು ಆಗಾಗ ಬರುತ್ತಲೇ ಇರುತ್ತವೆ. ಬೇಸಿಗೆಯಲ್ಲಿ ಒಣ ಕಣಿಕೆಯನ್ನು ಕತ್ತರಿಸದೆ ಹಾಗೇ ಹಾಕುತ್ತಾರೆ. ಚೂಪು ತುದಿ ವಸಡಿಗೆ ಚುಚ್ಚುತ್ತದೆ. ಹಲ್ಲು ಬದಲಾಗುವ ವಯಸ್ಸು ಬೇರೆ. ಆಕ್ಟಿನೋಮೈಸಿಸ್ ಬೋವಿಸ್ ಅನ್ನುವ ಬ್ಯಾಕ್ಟೀರಿಯಾ ಬಾಯಲ್ಲೇ ಸುಮ್ನೆ ಇರುತ್ತದೆ, ಗಾಯ ಸಿಕ್ಕರೆ ಮೂಳೆಗೆ ಇಳಿಯುತ್ತದೆ.

ಈಚೆಗೆ ಬಂದ ಮಣಕಕ್ಕೆ ಊರಲ್ಲಿ ಯಾರೋ ಆಗಲೇ ಬರೆ ಎಳೆದಿದ್ದರು. "ಸಾಹೇಬ್ರ, ಕೀವು ತುಂಬೈತಿ, ಕೊಯ್ದುಬಿಡ್ರಿ" ಅಂದರು ಯಜಮಾನರು.

ನಾನು ಮೊದಲು ಒತ್ತಿ ನೋಡುತ್ತೇನೆ. ದವಡೆಯ ಕೆಳಗೆ ಮೆತ್ತಗಿದ್ದು, ಬೆರಳೊತ್ತಿದ ಕಡೆ ಗುಳಿ ಬಿದ್ದರೆ ಅದು ನೀರು. ಹೊಟ್ಟೆಯ ಜಂತಿನಿಂದಲೂ ಹೀಗೆ ನೀರು ತುಂಬುತ್ತದೆ, ಸಗಣಿ ಪರೀಕ್ಷೆ ಮಾಡಿಸಬೇಕು. ಚರ್ಮದ ಜೊತೆ ಅಲುಗಾಡುವ ಕೀವುಗಡ್ಡೆಯಾದರೆ ಕೊಯ್ಯಬಹುದು. ಈ ಮಣಕದ್ದು ಎರಡೂ ಅಲ್ಲ. ದವಡೆ ಹಲ್ಲಿನ ಮಟ್ಟದಲ್ಲಿ ಮೂಳೆಯೇ ದಪ್ಪಗಾಗಿತ್ತು, ಒಂದಿಷ್ಟೂ ಅಲುಗಲಿಲ್ಲ. ಸಣ್ಣ ತೂತಿನಿಂದ ಅಂಟು ಕೀವು ಬರುತ್ತಿತ್ತು, ವಾಸನೆ ಇಲ್ಲ. ಗ್ಲೌಸ್ ಹಾಕಿದ ಬೆರಳಲ್ಲಿ ಉಜ್ಜಿದೆ. ಹಳದಿ ಕಾಳುಗಳು ರವೆಯ ಹಾಗೆ ತಗುಲಿದವು. ಅಲ್ಲಿಗೆ ಅನುಮಾನ ಮುಗಿಯಿತು, ಇದು ಆಕ್ಟಿನೋಮೈಸಿಸ್‌ದೇ ಕೆಲಸ. ಇಂಥ ಮೂಳೆಗೆ ಚಾಕು ಹಾಕಿ ಪ್ರಯೋಜನವಿಲ್ಲ, ರಕ್ತ ಹರಿಯುವುದಷ್ಟೇ.

ಸೋಡಿಯಂ ಅಯೋಡೈಡ್ ಕೊಟ್ಟೆ. ಕೆಜಿ ತೂಕಕ್ಕೆ 70 ಮಿಲಿಗ್ರಾಂ ಲೆಕ್ಕ. 200 ಕೆಜಿ ಮಣಕಕ್ಕೆ 14 ಗ್ರಾಂ, ಅಂದರೆ ಶೇ. 10ರ ದ್ರಾವಣ 140 ಮಿಲಿ. ನಿಧಾನವಾಗಿ ರಕ್ತನಾಳಕ್ಕೇ ಹೋಗಬೇಕು, ಹೊರಗೆ ಸೋರಿದರೆ ಕುತ್ತಿಗೆ ಊದುತ್ತದೆ. ವಾರ, ಹತ್ತು ದಿನ ಬಿಟ್ಟು ಮತ್ತೊಮ್ಮೆ. ಜೊತೆಗೆ ಪೆನಿಸಿಲಿನ್-ಸ್ಟ್ರೆಪ್ಟೊಮೈಸಿನ್. ಕಣ್ಣಲ್ಲಿ ನೀರು, ಕೆಮ್ಮು, ಮೈಮೇಲೆ ಹೊಟ್ಟು ಕಂಡರೆ ಅಯೋಡಿನ್ ಜಾಸ್ತಿಯಾಯಿತು ಅಂತ, ನಿಲ್ಲಿಸಬೇಕು. ಗಬ್ಬದ ಹಸುವಾದರೆ ನಾನು ತುಂಬಾ ಯೋಚಿಸುತ್ತೇನೆ.

ಊದಿದ ಮೂಳೆ ಮೊದಲಿನಂತಾಗುವುದಿಲ್ಲ ಅಂತ ಯಜಮಾನರಿಗೆ ಅವತ್ತೇ ಹೇಳಿದ್ದೆ. ಬೆಳೆಯುವುದು ನಿಂತರೆ ಗೆದ್ದಂತೆ, ಅಲ್ವಾ?

ಎಳೆಗರುಗಳ ಕಥೆ ಬೇರೆ. ಕೆನ್ನೆ ಊದಿ, ಜೊಲ್ಲು ಸುರಿದು, ಬಾಯಿ ತೆರೆದರೆ ಕೊಳೆತ ನಾತ ಬಂದರೆ ಅದು ಫ್ಯೂಸೊಬ್ಯಾಕ್ಟೀರಿಯಂ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾದ ಕೆಲಸ. ಗಂಟಲಿಗಿಳಿದು ಉಸಿರಲ್ಲಿ ಗೊರಗೊರ ಶಬ್ದ ಬಂದರೆ ನಾಳೆ ನೋಡೋಣ ಅನ್ನುವಂತಿಲ್ಲ, ಕರು ಉಸಿರುಕಟ್ಟಿ ಸಾಯಬಹುದು. ಅವತ್ತೇ ಆಂಟಿಬಯಾಟಿಕ್, ಬಾವು ಇಳಿಸುವ ಇಂಜೆಕ್ಷನ್ ಶುರು ಮಾಡುತ್ತೇನೆ. ಹಾಲು ಕುಡಿಸುವ ಪಾತ್ರೆಯನ್ನು ಬೇರೆ ಕರುಗಳಿಗೆ ಬಳಸಲು ಬಿಡುವುದಿಲ್ಲ.

ಆ ಮಣಕದ ಗಂಟು ಈಗಲೂ ಅಷ್ಟೇ ಇದೆ, ತೂತು ಮುಚ್ಚಿದೆ. ಕಣಿಕೆ ಕತ್ತರಿಸಿ, ನೀರು ಚಿಮುಕಿಸಿ ಹಾಕುತ್ತಿದ್ದಾರೆ, ಚೆನ್ನಾಗಿ ಮೇಯುತ್ತಿದೆ. ಸಂತೆಯಲ್ಲಿ ರೇಟು ಬರುವುದಿಲ್ಲ ಅನ್ನುವುದೊಂದೇ ಯಜಮಾನರ ಕೊರಗು.